ಆಮೆನ್ ಅನ್ನೋದರೊಳಗ ರೊಟ್ಟಿ ಹೊತ್ತಿತ್ತು

ನಮ್ಮ ಮನೆಯಲ್ಲಿ ನನ್ನ ಪ್ರಾರ್ಥನೆಯನ್ನು ರೊಟ್ಟಿಯ ಲೆಕ್ಕದಲ್ಲಿ ಅಳೆಯುತ್ತಾರೆ. ಬೆಳಿಗ್ಗೆ ಆರೂವರೆಗೆ ಕುಟುಂಬ ಪ್ರಾರ್ಥನೆ. ಅವ್ವ ಕಂಬಕ್ಕೆ ಒರಗಿ ಕೂತಿರುತ್ತಾಳೆ. ಎರಡನೇ ಇಯತ್ತೆಯ ನನ್ನ ಮಗಳು, ನಾವು ಕರೆಯುವುದು ಸಣ್ಣಾಕಿ ಅಂತ, ಅಜ್ಜಿಯ ತೊಡೆಯ ಮೇಲೆ ಅರ್ಧ ನಿದ್ದೆಯಲ್ಲಿರುತ್ತಾಳೆ. ನಮ್ಮಾಕಿ ಮಾತ್ರ ಅಡುಗೆಮನೆಯ ಹೊಸ್ತಿಲ ಹತ್ತಿರ, ಒಂದು ಕಣ್ಣು ದೇವರಿಗೆ ಮುಚ್ಚಿ, ಇನ್ನೊಂದು ಕಣ್ಣು ಹಂಚಿಗೆ ತೆರೆದು. "ಇವತ್ತು ಮೂರೇ ರೊಟ್ಟಿಯೊಳಗ ಮುಗಿಸಿದ್ರಿ, ಮೈಯಾಗ ಆರಾಮದ ಇಲ್ಲ?" ಎಂದು ಕೇಳಿದಳೆಂದರೆ ಅಂದು ಮನೆಯಲ್ಲಿ ಹಬ್ಬ. ಏಳು ರೊಟ್ಟಿ ದಾಟಿದ ದಿನ ಶೇಂಗಾ ಹಿಂಡಿ ನನ್ನ ತಾಟಿನ ಕಡೆ ಬರುವುದಿಲ್ಲ. ಒಮ್ಮೆ ಏನು ಭಕ್ತಿ ಉಕ್ಕಿತೋ, ಪಾಪ, ಅವಳು ಎರಡೂ ಕಣ್ಣು ಮುಚ್ಚಿದಳು. ನಾನು ಆಮೆನ್ ಅನ್ನುವಷ್ಟರಲ್ಲಿ ಹೊಗೆ ಪಡಸಾಲೆಗೆ ಬಂದಿತ್ತು.

ನಾನು ಕನ್ನಡ ಮಾಸ್ತರ. ರೋಗದ ಮೂಲ ಅಲ್ಲಿದೆ. ಪ್ರಾರ್ಥನೆಗೆ ನಿಂತರೆ ನನಗೆ ದೇವರಿಗಿಂತ ಮೊದಲು ಸಮಾಸಗಳು ನೆನಪಾಗುತ್ತವೆ. ದೇವರು ತನ್ನ ಬಿರುದುಬಾವಲಿ ಮರೆತು ಕೂತಿದ್ದಾನೇನೋ ಎಂಬ ಹಾಗೆ ಸರ್ವಶಕ್ತ, ಸರ್ವವ್ಯಾಪಿ, ದಯಾಸಾಗರ, ಕರುಣಾನಿಧಿ ಎಂದು ಒಂದೊಂದಾಗಿ ನೆನಪಿಸುತ್ತೇನೆ. ಎರಡು ರೊಟ್ಟಿ ಅಲ್ಲಿಗೇ ಹೋದವು. ಆಮೇಲೆ ಜಗತ್ತಿನ ಶಾಂತಿ, ದೇಶದ ನಾಯಕರು, ರಾಜ್ಯದ ಮಳೆ ಬೆಳೆ, ಕೊನೆಗೆ ಯಾದಗಿರಿ ಜಿಲ್ಲೆ. ಜಿಲ್ಲೆ ಆದದ್ದು 2010ರಲ್ಲಿ. ಅದಕ್ಕೂ ಮೊದಲು ನಾವು ಕಲಬುರಗಿಯ ಒಂದು ತಾಲೂಕಾಗಿದ್ದಾಗ ನನ್ನ ಪ್ರಾರ್ಥನೆ ಒಂದು ರೊಟ್ಟಿಯಷ್ಟು ಸಣ್ಣದಿತ್ತು ಎಂದು ಅವ್ವ ಈಗಲೂ ಅನ್ನುತ್ತಾಳೆ. ಏನು ಮಾಡುವುದು, ಶಹಾಪುರ, ಸುರಪುರ ಎಂದು ತಾಲೂಕುಗಳನ್ನು ಹೆಸರು ಹಿಡಿದು ಆಶೀರ್ವದಿಸದಿದ್ದರೆ ಜಿಲ್ಲೆ ಆಗಿ ಏನು ಬಂತು?

ನನ್ನದು ಮುಗಿದ ಮೇಲೆ ಸಣ್ಣಾಕಿಯ ಪಾಳಿ. ಅವಳು ಕಣ್ಣುಜ್ಜಿಕೊಂಡು ಶುರು ಮಾಡುತ್ತಾಳೆ: "ಯೇಸಪ್ಪಾ, ನಮ್ಮ ಕೆಂಪಿ ತತ್ತಿ ಇಡ್ಲಿ. ಅಜ್ಜಿ ಮೊಣಕಾಲು ಬ್ಯಾನಿ ಕಡಿಮಿ ಆಗ್ಲಿ. ಸಾಲಿಗಿ ಸೂಟಿ ಸಿಗ್ಲಿ. ಆಮೆನ್." ಅರ್ಧ ರೊಟ್ಟಿಯೂ ಬೇಯುವುದಿಲ್ಲ. ಕೆಂಪಿ ಅಂದರೆ ನಮ್ಮ ಕೋಳಿ. ಆ ಕೋಳಿಗೂ ನನಗೂ ಇರುವ ವ್ಯವಹಾರ ಮುಂದೆ ಬರುತ್ತದೆ.

"ದೇವರ ಮುಂದ ಹಿಂಗ ಸಾಮಾನಿನ ಚೀಟಿ ಓದಬಾರ್ದವ್ವ. ಮೊದಲು ಸ್ತುತಿ, ಆಮೇಲೆ ಪಾಪದ ಅರಿಕೆ, ಆಮೇಲೆ ಬಿನ್ನಹ" ಎಂದು ನಾನು ತಿದ್ದಲು ಹೋದೆ. ಅವಳು ನನ್ನನ್ನೇ ನೋಡಿದಳು. "ಪಪ್ಪಾ, ನಾ ನಿನಗ ಪೆನ್ಸಿಲ್ ಬೇಕು ಅಂದ್ರ ಮೊದಲು ನಿನಗ ಸ್ತುತಿ ಮಾಡ್ಬೇಕೇನು?"

ನಾನು ಮನಸ್ಸಿನಲ್ಲೇ, ಮಾಡಿದರೆ ಬೇಡ ಅನ್ನುವುದಿಲ್ಲ ಎಂದುಕೊಂಡೆ. ಮರುದಿನ ಜೋರು ಮಳೆ ಹಿಡಿದು ಶಾಲೆಗಳಿಗೆ ರಜೆ ಕೊಟ್ಟರು. ಹೊರಗೆ ಮಾಸ್ತರನಿಗೆ ತಕ್ಕ ಹಾಗೆ ಮುಖ ಗಂಟು ಹಾಕಿ, ಒಳಗೆ ಹೋಗಿ ಹೊದ್ದುಕೊಂಡು ಮಲಗಿದೆ.

ನಮ್ಮದು ಮೆಥೊಡಿಸ್ಟ್ ಮನೆತನ. ಈ ಕಡೆ ಅಮೆರಿಕದ ಮೆಥೊಡಿಸ್ಟ್ ಮಿಶನರಿಗಳು ಬಂದು ಶಾಲೆ, ಆಸ್ಪತ್ರೆ ಕಟ್ಟಿದ ಕಾಲದಿಂದ ನಾವು ಭಾನುವಾರ ಬಿಳಿ ಬಟ್ಟೆ ಹಾಕುವವರು. ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆಯ ಹೆಸರು ಎಲ್ಲಿಂದ ಬಂತು ಎಂದು ಯಾರಾದರೂ ಬಾಯಿ ತಪ್ಪಿ ಕೇಳಿದರೆ ಅಮೆರಿಕದ ಟೆನ್ನೆಸಿ ಕಡೆಯ ಮೆಥೊಡಿಸ್ಟ್ ಪ್ರಾಂತದ ಹೆಸರದು ಎಂದು ನಾನು ಅರ್ಧ ತಾಸು ವಿವರಿಸುತ್ತೇನೆ. ಅವ್ವನನ್ನು ಕೇಳಿದರೆ "ನಾ ಅಲ್ಲೇ ಹುಟ್ಟೀನಿ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಅಕ್ಷರ ಬಾರದ ಹೆಂಗಸು. ಆದರೆ ಹಾಡಿನ ಪುಸ್ತಕದ ಯಾವ ನಂಬರು ಹೇಳಿದರೂ ಜೋಳ ಹಸನು ಮಾಡುತ್ತಲೇ ಹಾಡಿಬಿಡುತ್ತಾಳೆ. ನನಗೆ ಪುಸ್ತಕ ಬೇಕು, ಚಾಳೀಸು ಬೇಕು, ಆಮೇಲೆ ಶ್ರುತಿ ಬೇರೆ ಸಿಗಬೇಕು.

ಇಂತಿಪ್ಪ ನಾನು ಸಭೆಯ ಕಮಿಟಿ ಮೆಂಬರು. ಕಮಿಟಿಯಲ್ಲಿ ನನಗೆ ವಹಿಸಿದ ಘನವಾದ ಜವಾಬ್ದಾರಿ ಯಾವುದೆಂದರೆ ಆರಾಧನೆಯ ಹೊತ್ತಿಗೆ ಮುಂದಿನ ಚಾಪೆಯ ಹುಡುಗರು ಗದ್ದಲ ಮಾಡದಂತೆ ನೋಡಿಕೊಳ್ಳುವುದು. ಅದಕ್ಕೆಂದೇ ನಾನೊಂದು ನೋಟ ರೂಢಿಸಿಕೊಂಡಿದ್ದೇನೆ. ಹುಬ್ಬು ಮೇಲೆ, ಕಣ್ಣುಗುಡ್ಡೆ ಹೊರಗೆ. ಒಂದು ಭಾನುವಾರ ಅಯ್ಯನೋರು ಸುವಾರ್ತೆಯಿಂದ ಮಕ್ಕಳ ಪ್ರಸಂಗ ಎತ್ತಿಕೊಂಡರು. ಜನ ಕೂಸುಗಳನ್ನು ಯೇಸುಸ್ವಾಮಿಯ ಹತ್ತಿರ ಕರೆತಂದದ್ದು, ಶಿಷ್ಯರು ಗದರಿಸಿದ್ದು, ಸ್ವಾಮಿ ಶಿಷ್ಯರ ಮೇಲೇ ಸಿಟ್ಟಾಗಿ ಮಕ್ಕಳನ್ನು ಅಪ್ಪಿಕೊಂಡದ್ದು. ದೇವರ ರಾಜ್ಯಕ್ಕೆ ಹೋಗುವುದಾದರೆ ಮಕ್ಕಳ ಹಾಗೆ ಹೋಗಬೇಕು, ಬೇರೆ ಬಾಗಿಲಿಲ್ಲ ಎಂದರು ಅಯ್ಯನೋರು. ನಾನು ಬಲು ಮೆಚ್ಚಿ ತಲೆದೂಗುತ್ತಿದ್ದೆ, ತಲೆದೂಗುತ್ತಲೇ ಚಾಪೆಯ ಮೇಲೆ ಹೊರಳಾಡುತ್ತಿದ್ದ ಒಬ್ಬ ಹುಡುಗನಿಗೆ ಆ ನೋಟ ಬೀರುತ್ತಿದ್ದೆ. ಸಣ್ಣಾಕಿ ಹಿಂದೆ ತಿರುಗಿ, ಇಡೀ ಸಭೆಗೆ ಕೇಳುವ ಪಿಸುಮಾತಿನಲ್ಲಿ ಅಂದಳು: "ಪಪ್ಪಾ, ಶಿಷ್ಯರು ಅಂದ್ರ ಕಮಿಟಿಯವ್ರೇನು?"

ಮುಂದಿನ ಸಾಲಿನಲ್ಲಿದ್ದ ನಮ್ಮ ಖಜಾಂಚಿಯವರಿಗೆ ಒಮ್ಮೆಲೇ ಕೆಮ್ಮು ಬಂತು.

ಮನೆಗೆ ಬಂದು ನಿರ್ಧಾರ ಮಾಡಿದೆ. ಮಗುವಿನ ಹಾಗಾಗಬೇಕು, ಅಷ್ಟೇ ತಾನೆ? ಆದೇನು. ಕಾಗದದ ಮೇಲೆ ಗೆರೆ ಹೊಡೆದು ವೇಳಾಪಟ್ಟಿ ಬರೆದೆ. ನಾಲ್ಕಕ್ಕೆ ಏಳುವುದು, ನಾಲ್ಕರಿಂದ ಐದೂವರೆ ಮೌನ ಪ್ರಾರ್ಥನೆ, ಐದೂವರೆಯಿಂದ ಆರು ವೇದಪಾಠ, ಸಂಜೆ ಏಳರಿಂದ ಏಳೂಕಾಲು ಆತ್ಮಪರೀಕ್ಷೆ. ಅದನ್ನು ಅಲಮಾರಿಯ ಬಾಗಿಲಿಗೆ ಅಂಟಿಸಿದೆ. ಸಣ್ಣಾಕಿ ಅಕ್ಷರ ಕೂಡಿಸಿ ಕೂಡಿಸಿ ಪೂರ್ತಿ ಓದಿ, "ಇದರಾಗ ಆಟ ಎಲ್ಲದ?" ಎಂದಳು.

ನಾಲ್ಕು ಗಂಟೆಯ ಹುಳ ನನ್ನ ತಲೆಗೆ ಹೊಕ್ಕದ್ದು ಜಾನ್ ವೆಸ್ಲಿಯಿಂದ. ನಮ್ಮ ಪಂಥದ ಮೂಲಪುರುಷ, ನಾಲ್ಕಕ್ಕೆ ಎದ್ದುಬಿಡುತ್ತಿದ್ದನಂತೆ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಕೂತಿದ್ದಾಗ ಅವನ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತೆಂದು ಮೆಥೊಡಿಸ್ಟರು ಆ ದಿನವನ್ನು ಇಂದಿಗೂ ನೆನೆಯುತ್ತಾರೆ. ಲಂಡನ್ನಿನಲ್ಲಿ ಸರಿ. ಯಾದಗಿರಿಯಲ್ಲಿ ಮೇ 24ಕ್ಕೆ ಹೃದಯ ಒಂದೇ ಏನು, ಟಾಕಿಯ ನೀರು, ಗಾಡಿಯ ಸೀಟು, ಬಾಗಿಲ ಚಿಲಕ, ಮಾಸ್ತರನ ತಲೆ ಎಲ್ಲವೂ ಬೆಚ್ಚಗಾಗುತ್ತವೆ. ಯಾವುದು ಪವಿತ್ರಾತ್ಮನ ಕೆಲಸ, ಯಾವುದು ಬಿಸಿಲಿನದು ಎಂದು ಹೇಳುವುದು ಕಷ್ಟ. ಆದರೂ ಆ ದಿನವೇ ಶುರು ಮಾಡಬೇಕೆಂದು ಹಠ ಹಿಡಿದೆ.

ಬೇಸಿಗೆಯಲ್ಲಿ ಓಣಿಗೆ ಓಣಿಯೇ ಮಾಳಿಗೆಯ ಮೇಲೆ ಮಲಗುತ್ತದೆ. ನನ್ನ ಮೊಬೈಲಿನ ಅಲಾರಾಂ ನಾಲ್ಕಕ್ಕೆ ಹೊಡೆದಾಗ ನನ್ನನ್ನು ಬಿಟ್ಟು ಉಳಿದವರೆಲ್ಲ ಎದ್ದರು. ಆಚೆ ಮಾಳಿಗೆಯಿಂದ ಒಬ್ಬರು "ಯಾರದರೀ ಅದು?" ಎಂದರು, ಈಚೆಯಿಂದ ಒಬ್ಬರು ರೈಲು ತಪ್ಪಿತೇನೋ ಎಂದು ದಡಬಡಿಸಿ ಎದ್ದು ಕೂತರು. ನಮ್ಮಾಕಿ ಮೊಣಕೈಯಿಂದ ತಿವಿದು ನನ್ನನ್ನು ಎಬ್ಬಿಸಿದಳು. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ತಂಬಿಗೆ ಒದ್ದೆ. ಅದು ಹದಿನಾಲ್ಕೂ ಮೆಟ್ಟಿಲು ಒಂದನ್ನೂ ಬಿಡದೆ ಇಳಿಯಿತು. ಕೆಳಗೆ ಕೋಣೆಯಲ್ಲಿ ಹೊರಸಿನ ಪಕ್ಕ ಮೊಣಕಾಲೂರಿ, ಹಣೆ ಹಾಸಿಗೆಗೆ ಆನಿಸಿ, "ಸರ್ವಶಕ್ತನೂ" ಎಂದದ್ದು ನೆನಪಿದೆ. ಮುಂದಿನ ವಿಶೇಷಣ ಬರಲೇ ಇಲ್ಲ.

ಎಚ್ಚರಾದಾಗ ಬೆಳಕು ಹರಿದಿತ್ತು. ಕಾಲು ಮೊಣಕಾಲಿನಿಂದ ಕೆಳಗೆ ಯಾರದೋ ಅನ್ನಿಸುತ್ತಿತ್ತು. ಹೆಗಲ ಮೇಲೆ ಯಾರೋ ಕೌದಿ ಹೊದಿಸಿದ್ದರು. ಅಷ್ಟು ಸೆಕೆಯಲ್ಲಿ ಕೌದಿ! ಬಾಗಿಲಲ್ಲಿ ಸಣ್ಣಾಕಿ ಬಾಯಿಗೆ ಬೆರಳಿಟ್ಟು ಕಾವಲು ನಿಂತಿದ್ದಳು, ಹಾಲಿನವನಿಗೂ ಮಾತಾಡಗೊಟ್ಟಿರಲಿಲ್ಲ.

ಇದು ಇಲ್ಲಿಗೆ ಮುಗಿದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಮುಂದಿನ ಭಾನುವಾರ ಸಾಕ್ಷಿ ಹೇಳುವ ಹೊತ್ತು ಬಂತು. ಯಾರಾದರೂ ಇದ್ದೀರಾ ಎಂದು ಅಯ್ಯನೋರು ಕೇಳಿದ್ದೇ ತಡ, ಇವಳು ಎದ್ದು ನಿಂತಳು. "ನಮ್ಮ ಪಪ್ಪಾ ನಸಿಕ್ಲೆ ನಾಕಕ್ಕ ಎದ್ದು ಆರರ ತನಕ ಮೊಣಕಾಲ ಮ್ಯಾಲ ಪ್ರಾರ್ಥನಾ ಮಾಡ್ತಾನ. ಕರದ್ರೂ ಕೇಳಂಗಿಲ್ಲ. ದೇವರ ಕೂಡ ಬ್ಯಾರೆ ಭಾಷಾದಾಗ ಮಾತಾಡ್ತಾನ. ಹಿಂಗ..." ಎಂದು ಗೊರಕೆಯ ಸದ್ದು ಮಾಡಿ ತೋರಿಸಿದಳು. ಏರಿಳಿತ, ನಡುವಿನ ಸೀಟಿ, ಏನೂ ಬಿಡದೆ. ಸಭೆ ದೇವರನ್ನು ಸ್ತುತಿಸಿತು. ಹೆಣ್ಣುಮಕ್ಕಳ ಕಡೆ ನಮ್ಮಾಕಿ ಸೆರಗಿನೊಳಗೆ ಮುಖ ಮುಚ್ಚಿಕೊಂಡು ಅಲುಗುತ್ತಿದ್ದಳು. ಸಣ್ಣಾಕಿ ಒಂದಿಷ್ಟೂ ತಮಾಷೆ ಮಾಡುತ್ತಿರಲಿಲ್ಲ ನೋಡಿ, ಅದು ನನ್ನನ್ನು ಕೊಂದದ್ದು.

ಅಲಮಾರಿಯ ಕಾಗದ ಹರಿದೆ. ಬೇರೆ ದಾರಿ ಹುಡುಕಿದೆ. ಪುಸ್ತಕ ಓದುವವನ ಕರ್ಮ ಇದು, ಸೋತರೆ ಮತ್ತೊಂದು ಪುಸ್ತಕ. ಹದಿನೇಳನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಲಾರೆನ್ಸ್ ಅಂತೊಬ್ಬ ಸಹೋದರ ಇದ್ದ. ಮಠದ ಅಡುಗೆಮನೆಯ ಕೆಲಸ ಅವನದು. ಪಾತ್ರೆಗಳ ನಡುವೆ ಇದ್ದುಕೊಂಡೇ ದೇವರ ಸಂಗಡ ಮಾತಾಡುತ್ತ ಸುಖವಾಗಿದ್ದನಂತೆ. ಇದನ್ನು ನಮ್ಮಾಕಿಗೆ ಉಪದೇಶದ ಧಾಟಿಯಲ್ಲಿ ಹೇಳಿದ್ದು ತಪ್ಪಾಯಿತು. ಅವಳು ಎಲ್ಲ ಕೇಳಿಸಿಕೊಂಡು, "ಖರೇನ ಭಾಳ ಚಂದ ಅದರೀ" ಎಂದು ತೊಳೆಯುವ ಭಾಂಡೆಯೆಲ್ಲ ನನ್ನ ಮುಂದೆ ತಂದಿಟ್ಟು ಮಹಿಳಾ ಸಮಾಜದ ಮೀಟಿಂಗಿಗೆ ಹೋದಳು. ದೇವರ ಸಾನ್ನಿಧ್ಯದಲ್ಲಿ ಮೈಮರೆತು ತಿಕ್ಕುತ್ತಿದ್ದಾಗ ಕುಕ್ಕರಿನ ಸೀಟಿ ಮೋರಿಯೊಳಗೆ ಹೋಯಿತು. ಲಾರೆನ್ಸನ ಕಾಲದಲ್ಲಿ ಕುಕ್ಕರ್ ಇರಲಿಲ್ಲ ಎಂಬುದನ್ನು ನಾನು ಗಮನಿಸಬೇಕಿತ್ತು.

ಡಿಸೆಂಬರಿನಲ್ಲಿ ಸಂಡೇ ಸ್ಕೂಲಿನ ಟೀಚರಮ್ಮ ತವರಿಗೆ ಹೋದರು. ಒಂದು ವಾರ ನೀವೇ ನಡೆಸಿ ಎಂದರು ಅಯ್ಯನೋರು. ಮಕ್ಕಳ ನಡುವೆ ಕೂತರೆ ಮಗುತನ ಅಂಟಿಕೊಳ್ಳಬಹುದು, ಗಜಕರ್ಣದ ಹಾಗೆ, ಎಂಬ ಆಸೆಯಿಂದ ಒಪ್ಪಿದೆ. ಕ್ರಿಸ್ತಜನನದ ಪಾಠ. "ಕೂಸನ್ನು ಗೋದಲಿಯಲ್ಲಿ ಮಲಗಿಸಿದರು" ಎಂದೆ. ಹಳ್ಳಿಯಿಂದ ಬರುವ ಒಬ್ಬ ಹುಡುಗ ಕೈಯೆತ್ತಿದ.

"ಗೋದಲಿ ಅಂದ್ರ ಏನ್ರೀ ಸರ?"

"ಪಶುಗಳಿಗೆ ಮೇವನ್ನು ಇರಿಸುವ ತೊಟ್ಟಿಯಾಕಾರದ ರಚನೆ."

ಅವನು ತಲೆ ಕೆರೆದುಕೊಂಡ. ಆಮೇಲೆ ಮುಖ ಅರಳಿತು. "ಗ್ವಾದ್ಲಿ ಅನ್ರೀ ಮತ್ತ!"

ಅಲ್ಲಿಗೆ ಪಾಠ ನನ್ನ ಕೈ ತಪ್ಪಿತು. ಎಲ್ಲರ ಮನೆಯಲ್ಲೂ ಗ್ವಾದ್ಲಿ ಇತ್ತು, ಎಲ್ಲರಿಗೂ ಹೇಳುವುದಿತ್ತು. ಹೊಟ್ಟು ಕೂಸಿಗೆ ಚುಚ್ಚುತ್ತದೆ ಎಂದಿತು ಒಂದು. ಚುಚ್ಚಲ್ಲ, ಕೆಳಗೆ ಅವರವ್ವ ಸೀರೆ ಹಾಸಿರ್ತಾಳ ಎಂದಿತು ಇನ್ನೊಂದು. ಎತ್ತು ನಾಲಿಗೆಯಿಂದ ಮುಖ ನೆಕ್ಕಿದರೆ ಕೂಸು ನಗುತ್ತದೋ ಅಳುತ್ತದೋ ಎಂದು ಎರಡು ಪಕ್ಷವಾದವು. ಎತ್ತಿನ ಉಸಿರು ಬಿಸಿ ಇರುತ್ತದೆ, ಹಾಗಾಗಿ ಕೂಸಿಗೆ ಥಂಡಿ ಹತ್ತಿರಲಿಕ್ಕಿಲ್ಲ ಎಂದು ಕೈಯೆತ್ತಿದ ಆ ಹುಡುಗನೇ ತೀರ್ಮಾನ ಕೊಟ್ಟ. ಅಷ್ಟು ಹೇಳಿ, ಆ ಉಸಿರು ತನಗೇ ತಾಗಿದವನ ಹಾಗೆ ಕೆನ್ನೆ ಸವರಿಕೊಂಡ. ನಮ್ಮ ಹಳ್ಳಿಮನೆಯಲ್ಲೂ ಗ್ವಾದ್ಲಿ ಇತ್ತು. ಅದರ ಅಂಚಿಗೆ ಕೂತು ನಾನು ಮಗ್ಗಿ ಬಾಯಿಪಾಠ ಮಾಡಿದವನು. ಆದರೂ ನಲವತ್ತು ವರ್ಷದಿಂದ ನನ್ನ ತಲೆಯೊಳಗಿನ ಗೋದಲಿ ಗ್ರೀಟಿಂಗ್ ಕಾರ್ಡಿನದು. ಸುತ್ತ ಹಿಮ, ಅಂಚಿಗೆ ಚಿನ್ನದ ಮಿರುಗುಪುಡಿ.

ಆಯಿತು, ಕೋಳಿಯ ವಿಷಯಕ್ಕೆ ಬರೋಣ.

ಫೆಬ್ರವರಿಯಲ್ಲಿ ನಮ್ಮಲ್ಲಿ ಸುಗ್ಗಿ ಹಬ್ಬ. ಹೊಲ ಇದ್ದವರು ತೊಗರಿ, ಜೋಳ ತರುತ್ತಾರೆ. ಕಾಲುವೆ ನೀರು ಕಂಡ ಶಹಾಪುರದ ಕಡೆಯ ನೆಂಟರು ಬಂದರೆ ಭತ್ತದ ಚೀಲವನ್ನೇ ಇಳಿಸುತ್ತಾರೆ. ಹೊಲ ಇಲ್ಲದ ನಮ್ಮಂಥವರು ಕುಂಬಳಕಾಯಿ, ತೆಂಗಿನಕಾಯಿ, ಮನೆಯಲ್ಲಿ ಮಾಡಿದ ಶೇಂಗಾ ಹೋಳಿಗೆ. ಎಲ್ಲವನ್ನೂ ಪೀಠದ ಮುಂದೆ ಇಟ್ಟು ಪ್ರಾರ್ಥಿಸಿ, ಆರಾಧನೆ ಮುಗಿದ ಮೇಲೆ ಹೊರಗೆ ಬೇವಿನ ಗಿಡದ ಕೆಳಗೆ ಸವಾಲು. ಯಾರು ಹೆಚ್ಚು ಕೂಗುತ್ತಾರೋ ಅವರಿಗೆ, ದುಡ್ಡು ಸಭೆಗೆ. ಹತ್ತು ರೂಪಾಯಿಯ ನಿಂಬೆಹಣ್ಣು ಮುನ್ನೂರಕ್ಕೆ ಹೋಗುವ ದಿನ ಅದು. ಭಕ್ತಿಯೂ ಇದೆ, ಜಿದ್ದೂ ಇದೆ, ಎಷ್ಟೆಷ್ಟು ಪಾಲು ಎಂದು ನಾನು ಹೇಳಲಾರೆ.

ಹಿಂದಿನ ದಿನ ರಾತ್ರಿ ಸಣ್ಣಾಕಿ ಕೇಳಿದಳು, ನಮ್ಮ ಮನೆಯಿಂದ ಏನು? ಕುಂಬಳಕಾಯಿ ಅಂದೆ. "ಕುಂಬಳಕಾಯಿ ನಿನಗ ಸೇರಂಗಿಲ್ಲ, ಅದಕ್ಕ ಕೊಡ್ಲತ್ತಿ" ಎಂದಳು. ನಿಜವಾದ ಮಾತು ಯಾರೇ ಆಡಿದರೂ ಕೇಳುವುದು ಕಷ್ಟ, ಎರಡನೇ ಇಯತ್ತೆಯವರಿಂದ ಇನ್ನೂ ಕಷ್ಟ. ಸ್ವಲ್ಪ ಹೊತ್ತು ಕೆಂಪಿಯ ಬುಟ್ಟಿಯ ಹತ್ತಿರ ಕೂತು, ಅತ್ತು, ಮೂಗು ಒರೆಸಿಕೊಂಡು ಒಳಗೆ ಬಂದಳು. "ಕೆಂಪಿ ಕೊಡೋಣ." ಮಲಗುವ ಮುಂದಿನ ಪ್ರಾರ್ಥನೆಯಲ್ಲಿ ವ್ಯವಹಾರ ಪಕ್ಕಾ ಮಾಡಿಕೊಂಡಳು: "ಯೇಸಪ್ಪಾ, ಕೆಂಪಿ ನಿನಗ ಕೊಡ್ಲತ್ತೀನಿ. ತಿರುಗಿ ನಮ್ಮನಿಗಿ ಕಳಿಸು."

ಕೊಟ್ಟದ್ದನ್ನು ತಿರುಗಿ ಕೇಳಬಾರದು ಎಂದು ಹೇಳಲು ಬಾಯಿ ತೆರೆದೆ. ಅವ್ವ ಕೋಲಿನಿಂದ ನನ್ನ ಕಾಲಿಗೆ ತಾಗಿಸಿದಳು. ಮುಚ್ಚಿದೆ.

ಮರುದಿನ ಬೇವಿನ ಗಿಡದ ಕೆಳಗೆ ಕೆಂಪಿ ಕಾಲು ಕಟ್ಟಿಸಿಕೊಂಡು ಸಿಟ್ಟಿನಿಂದ ಕೂತಿತ್ತು. ಸವಾಲು ಕೂಗುವ ಹಿರಿಯರು ಅದನ್ನು ಎತ್ತಿ ಹಿಡಿದು ಇನ್ನೂರಕ್ಕೆ ಶುರು ಮಾಡಿದರು. ನಾನು ಇನ್ನೂರೈವತ್ತು ಅಂದೆ. ಯಾರೋ ಒಬ್ಬರು ಸಾರಿನ ಆಸೆಯಿಂದ ಮುನ್ನೂರು ಅಂದರು. ನಾನು ನಾನೂರು. ಅವರು ಬಿಟ್ಟರು. ಎದೆಯುಬ್ಬಿಸಿ ಸಣ್ಣಾಕಿಯ ಕಡೆ ನೋಡಿದೆ. ಆಕೆ ಮಣ್ಣಿನಲ್ಲಿ ಗೆಳತಿಯ ಸಂಗಡ ಕುಂಟಾಬಿಲ್ಲೆ ಆಡುತ್ತಿದ್ದಳು, ಈ ಕಡೆ ಲಕ್ಷ್ಯವೇ ಇಲ್ಲ. ಅಷ್ಟರಲ್ಲಿ "ಹೆಣ್ಮಕ್ಕಳ ಕಡಿಂದ ಐನೂರು!" ಎಂದು ಹಿರಿಯರು ಕೂಗಿದರು.

ಹೆಣ್ಣುಮಕ್ಕಳ ಕಡೆ ಸೀರೆಗಳ ಸಂತೆ. ಯಾರೆಂದು ಕಾಣಲಿಲ್ಲ. ಆರುನೂರು ಎಂದೆ. ಆ ಕಡೆಯಿಂದ ಏಳುನೂರು. ಗಂಡಸರು ನನ್ನ ಬೆನ್ನು ತಟ್ಟತೊಡಗಿದರು, "ಬಿಡಬ್ಯಾಡ್ರೀ ಸರ, ನಮ್ಮ ಮರ್ಯಾದಿ ಪ್ರಶ್ನೆ." ಇಷ್ಟು ಸಾಕಲ್ಲ ನನ್ನಂಥವನಿಗೆ. ಒಂಬೈನೂರು. ಸಾವಿರ. ಸಾವಿರದ ನೂರು. ನೀವು ಇಷ್ಟೊತ್ತಿಗೆ ತಿಳಿದುಕೊಂಡಿರುತ್ತೀರಿ, ಅಲ್ಲಿದ್ದವರಿಗೂ ತಿಳಿದಿತ್ತು, ಗಿಡದ ಮೇಲಿನ ಕಾಗೆಗೂ ತಿಳಿದಿತ್ತು. ಸಾವಿರದ ಮುನ್ನೂರೈವತ್ತಕ್ಕೆ ನಾನು ಗೆದ್ದು ಮೀಸೆ ತಿರುವುತ್ತಿದ್ದಾಗ ಸೀರೆಗಳ ನಡುವಿನಿಂದ ಅವ್ವ ಕೋಲೂರಿಕೊಂಡು ಎದ್ದು ಬಂದಳು, ಪಿಂಚಣಿ ದುಡ್ಡಿನ ಗಂಟನ್ನು ಮತ್ತೆ ಸೆರಗಿಗೆ ಕಟ್ಟುತ್ತ. "ಏ ತಮ್ಮಾ, ನೀ ಇದ್ದೀ ಅಂತ ಗೊತ್ತಿದ್ರ ನಾ ಇನ್ನೂರಕ್ಕ ಬಿಡ್ತಿದ್ದೆ. ಯಾರೋ ಹುಚ್ಚ ಹಿಂಗ ಕೂಗ್ಲತ್ತಾನಲ್ಲ ಅಂತ ನನಗ ಸಿಟ್ಟು ಬಂತು."

ನಮ್ಮದೇ ಕೋಳಿಯನ್ನು ಬಗಲಲ್ಲಿ ಹಿಡಿದು ನಡೆದೆ. ದಾರಿಯಲ್ಲಿ ಅದು ಅಂಗಿಯ ಮೇಲೆ ಅಭಿಪ್ರಾಯ ತಿಳಿಸಿತು. ಸಣ್ಣಾಕಿ ಮುಂದೆ ಮುಂದೆ ಜಿಗಿಯುತ್ತಿದ್ದಳು. "ದೇವರು ಕೆಂಪಿ ಕಳಿಸ್ದ, ನೋಡ್ದಿಲ್ಲ?" ಎಂದಳು. ನಾನು, ದೇವರಲ್ಲವ್ವ, ನಾನು ಸಾವಿರದ ಮುನ್ನೂರೈವತ್ತು ಕೊಟ್ಟೆ ಎಂದೆ. "ಹ್ಞಾಂ, ನಿನ್ನ ಕೈಲೆ ಕಳಿಸ್ದ" ಎಂದು ಜಿಗಿದಳು. "ಮುಂದಿನ ವರ್ಷನೂ ಇದನ್ನೇ ಕೊಡೋಣ!"

ಅಂದಿನಿಂದ ಆ ಕೋಳಿ ತತ್ತಿ ಇಡುವುದನ್ನೇ ಬಿಟ್ಟಿತು. ಬೆಲೆ ಗೊತ್ತಾದ ಮೇಲೆ ಯಾರೇ ಆಗಲಿ ಕೆಲಸ ಮಾಡುವುದಿಲ್ಲ. ಲೆಂಟ್ ದಿನಗಳು ಹೇಗೂ ನಡೆದಿದ್ದವು, ಮನೆಯಲ್ಲಿ ಮಾಂಸ ತತ್ತಿ ಬಂದ್. ಸಣ್ಣಾಕಿ ಮಾತ್ರ ದಿನಾ ಬೆಳಿಗ್ಗೆ ಕೆಂಪಿಯ ಅರ್ಜಿ ಹಾಕುತ್ತಲೇ ಇದ್ದಳು.

ಶುಭ ಶುಕ್ರವಾರ ಬಂತು. ಆ ದಿನ ನಮ್ಮಲ್ಲಿ ಹನ್ನೆರಡರಿಂದ ಮೂರರ ತನಕ ಆರಾಧನೆ. ಶಿಲುಬೆಯ ಮೇಲಿಂದ ಯೇಸುಸ್ವಾಮಿ ಆಡಿದ ಏಳು ಮಾತುಗಳ ಮೇಲೆ ಏಳು ಜನ ಮಾತಾಡುತ್ತಾರೆ. ಐದನೆಯದು, ನೀರಡಿಕೆಯ ಮಾತು, ನನಗೆ ಕೊಟ್ಟರು. ಏಳರಲ್ಲಿ ಇಷ್ಟು ಸಣ್ಣ ಮಾತು ಕೊಟ್ಟರಲ್ಲ ಎಂದು ಮೊದಲು ಮುನಿಸು ಬಂತು. ಆಮೇಲೆ, ಸಣ್ಣದನ್ನು ದೊಡ್ಡದು ಮಾಡುವುದರಲ್ಲೇ ಅಲ್ಲವೇ ವಿದ್ವತ್ತು ಇರುವುದು ಎಂದು ಹನ್ನೊಂದು ಹಾಳೆ ಬರೆದೆ. ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಆ ದಿನ ಮೂರರ ತನಕ ಗುಟುಕು ನೀರೂ ಮುಟ್ಟದ ಉಪವಾಸ ಹಿಡಿದಿದ್ದೆ, ಹಿಡಿದಿದ್ದೇನೆಂದು ಗುರುವಾರವೇ ಎಂಟು ಹತ್ತು ಜನರಿಗೆ ತಿಳಿಸಿದ್ದೆ.

ನನ್ನ ಸರದಿ ಬರುವಾಗ ಎರಡು ಗಂಟೆ. ಏಪ್ರಿಲ್ಲಿನ ಬಿಸಿಲು. ಗುಡ್ಡದ ಕಲ್ಲೆಲ್ಲ ಕಾದು ಊರ ಮೇಲೆ ಉಸಿರು ಬಿಡುವ ಹೊತ್ತು. ನಾನು ಬಾಯಿ ತೆರೆಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಫ್ಯಾನು ನಿಂತವು. ಬ್ಯಾಟರಿ ಮೈಕು ಮಾತ್ರ, ಸಭೆಯ ದುರದೃಷ್ಟ, ನಡೆಯುತ್ತಿತ್ತು. ಹಾಡಿನ ಪುಸ್ತಕಗಳೆಲ್ಲ ಬೀಸಣಿಕೆಗಳಾದವು.

ನಾನು ನೀರಡಿಕೆ ಎಂಬ ಶಬ್ದದಿಂದ ಶುರು ಮಾಡಿದೆ. ಬಾಯಾರಿಕೆಗೂ ನೀರಡಿಕೆಗೂ ಏನು ಭೇದ? ದಾಹ, ತೃಷೆ ಸಂಸ್ಕೃತದವು. ಎರಡನೇ ಹಾಳೆಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಮೂರನೇ ಹಾಳೆಯಲ್ಲಿ ವರ್ಷಗಟ್ಟಲೆ ಕೂತು ಭಾಷಾಂತರ ಮಾಡಿದರು. ನಾಲ್ಕನೇ ಹಾಳೆಯಲ್ಲಿ, 1831ರಲ್ಲಿ, ಪೂರ್ತಿ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಬಳ್ಳಾರಿಯ ಬಿಸಿಲು ಕಂಡವರಿಗೆ ನೀರಡಿಕೆ ಏನೆಂದು ಹೇಳಿಕೊಡಬೇಕೇ ಎಂದು ನಗೆಚಟಾಕಿ ಹಾರಿಸಿದೆ. ಯಾರೂ ನಗಲಿಲ್ಲ, ನಗಲು ತುಟಿ ಒದ್ದೆ ಇರಬೇಕು. ಐದನೇ ಹಾಳೆಯಲ್ಲಿ ಕಿಟ್ಟೆಲ್ಲರ 1894ರ ನಿಘಂಟು ಬಂತು. ಅಷ್ಟರಲ್ಲಿ ನನ್ನ ನಾಲಿಗೆಯೇ ಅಂಗುಳಕ್ಕೆ ಅಂಟತೊಡಗಿತ್ತು. "ನೀ... ನೀರಡಿಕೆ..." ಎಂದೆ. "ನೀರಡಿಕೆ ಎಂದರೆ..." ಮತ್ತೆ ಕೆಮ್ಮು.

ಪಟ್ ಪಟ್ ಎಂದು ಬರಿಗಾಲಿನ ಸದ್ದು ಕೇಳಿತು. ಸಣ್ಣಾಕಿ ನಡುದಾರಿಯಲ್ಲಿ ಬರುತ್ತಿದ್ದಳು, ಶಾಲೆಯ ನೀರಿನ ಬಾಟಲಿ ಎದೆಗೆ ಅವಚಿಕೊಂಡು. ಗುಲಾಬಿ ಬಣ್ಣದ ಬಾಟಲಿ, ಮುಚ್ಚಳಕ್ಕೆ ಕಟ್ಟಿದ ದಾರ, ದಾರದ ತುದಿಗೆ ಒಂದು ಮಣಿ. ಅವಳು ಮೆಟ್ಟಿಲು ಹತ್ತಿ, ನನ್ನ ಧೋತರ ಜಗ್ಗಿ, ಮುಚ್ಚಳ ತಿರುವಿ ತೆಗೆದು ಹಿಡಿದಳು. ಮೈಕಿಗೆ ಎಲ್ಲ ಕೇಳುತ್ತಿತ್ತು.

"ಪಪ್ಪಾ, ಎಷ್ಟೊತ್ತಿಂದ ನೀರಡಿಕಿ ನೀರಡಿಕಿ ಅನ್ಲತ್ತಿ. ತಗೊ, ಕುಡಿ."

ನಾನು ಎಂಟು ಹತ್ತು ಜನರ ಮುಖ ನೋಡಿದೆ. ಎಂಟು ಹತ್ತು ಜನ ನನ್ನ ಮುಖ ನೋಡಿದರು. ಅವಳ ಕೈ ಸೋತು ಬಾಟಲಿ ಅಲುಗುತ್ತಿತ್ತು, ಮಣಿ ಬಾಟಲಿಗೆ ಬಡಿದು ಟಕ್ ಟಕ್ ಅನ್ನುತ್ತಿತ್ತು. ಕುಡಿದೆ. ಗಟಗಟ ಕುಡಿದ ಸದ್ದೂ ಮೈಕಿನಲ್ಲಿ ಹೋಯಿತು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು, ಆಮೇಲೆ ಅದೇ ಮುದುಕಿ ಅತ್ತಳು, ಆಮೇಲೆ ಯಾರು ನಗುತ್ತಿದ್ದಾರೆ ಯಾರು ಅಳುತ್ತಿದ್ದಾರೆ ಒಂದೂ ತಿಳಿಯಲಿಲ್ಲ. ಉಳಿದ ಆರು ಹಾಳೆ ಕೈಯಲ್ಲೇ ಇದ್ದವು. ಅಯ್ಯನೋರು ಸಾವಕಾಶ ಎದ್ದು ಬಂದು ಆರನೇ ಮಾತಿನವರನ್ನು ಕರೆದರು. ನನಗೆ ಇಳಿ ಎಂದು ಹೇಳಲೂ ಇಲ್ಲ.

ಮನೆಗೆ ನಡೆಯುವಾಗ ಯಾರೂ ಮಾತಾಡಲಿಲ್ಲ. ನೀರು ಕೇಳಿದ ಸ್ವಾಮಿಗೆ ಸ್ಪಂಜಿನಲ್ಲಿ ಹುಳಿರಸ ಕೊಟ್ಟರೆಂದು ಅಜ್ಜಿ ಹೇಳಿದ್ದು ಸಣ್ಣಾಕಿಯ ತಲೆಯಲ್ಲಿ ಕೂತಿತ್ತು. "ಅವತ್ತು ನಾ ಅಲ್ಲಿ ಇರ್ಲಿಲ್ಲಲ್ಲ ಪಪ್ಪಾ. ನನ್ನ ಬಾಟ್ಲಿ ಇತ್ತು" ಎಂದಳು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಕನ್ನಡ ಮಾಸ್ತರನಿಗೆ ಒಂದು ಶಬ್ದವೂ ಬರಲಿಲ್ಲ. ನಮ್ಮಾಕಿ, "ಅರ್ಧ ರೊಟ್ಟಿ ಹೊತ್ತಿನ ಮಾತಿಗೆ ಹನ್ನೊಂದು ಹಾಳಿ ಯಾಕ ಬರೀಬೇಕಿತ್ತು?" ಎಂದಷ್ಟೇ ಅಂದು ಹಾಳೆಗಳನ್ನು ನನ್ನ ಕೈಯಿಂದ ಇಸಿದುಕೊಂಡಳು.

ಈಸ್ಟರ್ ನಸುಕಿಗೆ ಎಲ್ಲರೂ ಮೇಣದಬತ್ತಿ ಹಿಡಿದು ಸಮಾಧಿಗಳ ಹತ್ತಿರ ಹೋಗಿ, ಅಪ್ಪನ ಕಲ್ಲಿಗೆ ಹೂವಿಟ್ಟು, ಹಾಡಿ ಬಂದೆವು. ಅವ್ವ ಪುಸ್ತಕವಿಲ್ಲದೆ, ನಾನು ಚಾಳೀಸು ಮರೆತು. ಮನೆಯ ಬಾಗಿಲು ತೆರೆದರೆ ಒಳಗೆ ಕೆಂಪಿಯ ಬೊಬ್ಬೆ. ಸಣ್ಣಾಕಿ ಓಡಿದಳು. ಬುಟ್ಟಿಯೊಳಗೆ ನನ್ನ ಹನ್ನೊಂದೂ ಹಾಳೆ ಹಾಸಿತ್ತು. ಸರಿಯಾಗಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದ ಜಾಗದಲ್ಲಿ ಒಂದು ತತ್ತಿ.

ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಕೇಳಿದ್ದು ಬಂದಿದೆ, ತಡವಾಗಿ, ಅಷ್ಟೆ. "ಪಪ್ಪಾನ ಪ್ರಸಂಗ ಮೆತ್ತಗದ, ಅದಕ್ಕ ಇಟ್ಟದ" ಎಂದು ಅಜ್ಜಿಗೆ ವಿವರಿಸಿದಳು. ನನ್ನ ಒಳಗಿನ ಮಾಸ್ತರ ಎದ್ದು ನಿಂತ. ಹೊಸ ಜೀವ, ತೆರೆದ ಸಮಾಧಿ, ಒಡೆದ ಚಿಪ್ಪು, ಮುಂದಿನ ಈಸ್ಟರಿಗೆ ಎಂಥ ಪ್ರಸಂಗ! "ನೋಡು, ಇದು ಬರೇ ತತ್ತಿ ಅಲ್ಲ..." ಎಂದು ಗಂಟಲು ಸರಿಮಾಡಿಕೊಂಡೆ.

"ಹೌದ್ರೀ, ಸಾವಿರದ ಮುನ್ನೂರೈವತ್ತು ರೂಪಾಯಿದು" ಎಂದು ನಮ್ಮಾಕಿ ಈಳಿಗೆ ಮಣೆಯನ್ನೂ ಎರಡು ಉಳ್ಳಾಗಡ್ಡಿಯನ್ನೂ ನನ್ನ ಮುಂದಿಟ್ಟಳು. "ಸಣ್ಣಗ ಹೆಚ್ರಿ. ನಾಕು ಮಂದಿಗಿ ಒಂದೇ ತತ್ತಿ, ಉಳ್ಳಾಗಡ್ಡಿನೇ ಜಾಸ್ತಿ ಹಾಕ್ಬೇಕು."

ಹೆಚ್ಚಿದೆ. ಉಳ್ಳಾಗಡ್ಡಿ ಖಾರದ್ದು, ಕಣ್ಣಿಂದ ಧಾರೆ ಇಳಿಯತೊಡಗಿತು. ಒರೆಸಿಕೊಳ್ಳಲು ಕೈಯೂ ಖಾಲಿ ಇಲ್ಲ. ಸಣ್ಣಾಕಿ ಹೊಸ್ತಿಲಲ್ಲಿ ನಿಂತು ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪಡಸಾಲೆಗೆ ಓಡಿಹೋಗಿ ಅಜ್ಜಿಗೆ, ಇಡೀ ಓಣಿಗೆ ಕೇಳುವ ಪಿಸುಮಾತಿನಲ್ಲಿ ಹೇಳಿದಳು: "ಅಜ್ಜೀ, ಪಪ್ಪಾಗ ಎಷ್ಟು ಖುಷಿ ಆಗ್ಯಾದ ನೋಡು, ಅಳ್ಲತ್ತಾನ!"